ನೀಲಿ ಹಿಕ್ಕೆ

ಊರಿನವರು ನನ್ನನ್ನು ಇಲಿ ಡಿಲಿಸ್ ಎಂದು ಕರೆಯುತ್ತಾರೆ. ನಮ್ಮ ಕಣಿವೆಯಲ್ಲಿ ಡಿಲಿಸ್ ಪ್ರೈಸ್ ಎಂಬ ಹೆಸರಿನವರು ಮೂವರಿದ್ದೇವೆ. ಒಬ್ಬಳು ಅಂಚೆ ಕಚೇರಿಯವಳು, ಅವಳು ಅಂಚೆ ಡಿಲಿಸ್. ಇನ್ನೊಬ್ಬಳ ಗಂಡನದು ಹಿಟ್ಟಿನ ಗಿರಣಿ, ಅವಳು ಗಿರಣಿ ಡಿಲಿಸ್. ನನ್ನ ಪಾಲಿಗೆ ಇಲಿ ಬಂತು. ಎಮ್ಲಿನ್‌ನನ್ನು ಮದುವೆಯಾಗಿ ಬ್ರಿನ್ ಹೆಲಿಗ್ ಫಾರಂಗೆ ಬಂದ ಹೊಸತರಲ್ಲಿ ಯಾರಾದರೂ ಹಾಗೆ ಕರೆದರೆ ಅತ್ತೆಯ ಮುಖ ಗಂಟಾಗುತ್ತಿತ್ತು. ನನಗೆ ಮಾತ್ರ ಒಳಗೊಳಗೇ ಸಂತೋಷ. ಉಳಿದಿಬ್ಬರ ಹೆಸರು ಅವರು ಕೂತ ಜಾಗದಿಂದ ಬಂದದ್ದು. ನನ್ನದು ನನ್ನ ಕೈಕೆಲಸದಿಂದ ಬಂದದ್ದು.

ಆ ಕೆಲಸ ಕಲಿತದ್ದು ಯುದ್ಧದ ಕಾಲದಲ್ಲಿ. ಗಂಡಸರೆಲ್ಲ ಸೈನ್ಯಕ್ಕೆ ಹೋದ ಮೇಲೆ ನಮ್ಮಂಥ ಹುಡುಗಿಯರನ್ನು ಬೇಸಾಯಕ್ಕೆ ಸೇರಿಸಿಕೊಂಡರು. ಕೆಲವರು ಹಾಲು ಕರೆಯಲು ಹೋದರು, ಕೆಲವರು ಮರ ಕಡಿಯಲು. ನಾವು ನಾಲ್ವರು ಇಲಿ ಹಿಡಿಯಲು ಕೈ ಎತ್ತಿದೆವು. ಉಳಿದವರು ಮೂಗು ಮುರಿದರು. ನನಗೆ ಮೊದಲ ದಿನವೇ ಆ ಕೆಲಸ ಹಿಡಿಸಿತು. ಗೋಡೆಯ ಬುಡದಲ್ಲಿ ಹೊಟ್ಟೆ ಉಜ್ಜಿ ಉಜ್ಜಿ ಆದ ಕಪ್ಪು ಗೆರೆ ನೋಡಿ ಎಷ್ಟು ಇಲಿ ಓಡಾಡುತ್ತವೆ ಎಂದು ಹೇಳಬೇಕು. ನಾಲ್ಕು ದಿನ ಬರೀ ಒಳ್ಳೆಯ ಊಟ ಇಟ್ಟು ನಂಬಿಸಿ, ಐದನೆಯ ದಿನ ವಿಷ ಬೆರೆಸಬೇಕು. ಇಡುವ ಕೈ ಒಂದೇ ಇರಬೇಕು, ಹೊತ್ತು ಒಂದೇ ಇರಬೇಕು. ಯುದ್ಧ ಮುಗಿದಾಗ ಉಳಿದ ಮೂವರು ಮನೆಗೆ ಹೋದರು. ನನ್ನನ್ನು ಸರ್ಕಾರದ ಕೃಷಿ ಕಚೇರಿಯವರು ಇಟ್ಟುಕೊಂಡರು. ಕಣಿವೆಯ ಮೂವತ್ತೊಂದು ಫಾರಂಗಳನ್ನು ಸರದಿಯಂತೆ ಸುತ್ತುವುದು ನನ್ನ ಪಾಲಿಗೆ ಬಂತು, ಅದೇ ನನ್ನ ಸುತ್ತು. ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಕಚೇರಿಯ ಹಳೆಯ ವ್ಯಾನಿನಲ್ಲಿ.

ಐವತ್ತರ ದಶಕದ ಶುರುವಿನಲ್ಲಿ ವಾರ್ಫರಿನ್ ಬಂತು. ಅಂಥ ಮದ್ದನ್ನು ನಾವು ಕಂಡಿರಲಿಲ್ಲ. ಒಂದು ಸಲ ತಿಂದರೆ ಇಲಿಗೆ ಏನೂ ಆಗುವುದಿಲ್ಲ, ಹಾಗಾಗಿ ಅನುಮಾನವೂ ಬರುವುದಿಲ್ಲ. ನಾಲ್ಕೈದು ದಿನ ತಿಂದರೆ ರಕ್ತ ಹೆಪ್ಪುಗಟ್ಟುವುದು ನಿಂತು, ಒಳಗೇ ಸೋರಿ, ಬಿಲದಲ್ಲಿ ಮಲಗಿದ ಹಾಗೆ ಸಾಯುತ್ತದೆ. ಓಟ್ಸ್ ನುಚ್ಚಿಗೆ ಬೆರೆಸಿ, ಯಾರೂ ಗಂಜಿಯೆಂದು ತಪ್ಪು ತಿಳಿಯದಿರಲಿ ಎಂದು ಕಚೇರಿಯವರು ಕೊಟ್ಟ ನೀಲಿ ಬಣ್ಣ ಹಾಕಿ ಇಡುತ್ತಿದ್ದೆ. ಅದನ್ನು ತಿಂದ ಇಲಿಯ ಹಿಕ್ಕೆಯೂ ನೀಲಿ. ಎರಡು ವರ್ಷದಲ್ಲಿ ಕಣಿವೆಯ ಕಣಜಗಳು ನಿಶ್ಶಬ್ದವಾದವು. ಭಾನುವಾರ ನಮ್ಮೂರ ಪ್ರಾರ್ಥನಾಮಂದಿರವಾದ ಸಲೇಮ್ ಚಾಪೆಲ್‌ನ ಬಾಗಿಲಲ್ಲಿ ನಿಂತು ಹೆಂಗಸರು, ನಮ್ಮಲ್ಲಿ ಒಂದೂ ಇಲಿಯಿಲ್ಲ ಕಣಮ್ಮ, ಎಂದು ಹೇಳಿಕೊಳ್ಳತೊಡಗಿದರು. ಹೊಸಿಲು ತೊಳೆದು ಹೊಳೆಯಿಸುವುದು, ಹಿತ್ತಾಳೆ ತಿಕ್ಕುವುದು, ಇಲಿಯಿಲ್ಲದಿರುವುದು ಎಲ್ಲ ಒಂದೇ ಸಾಲಿಗೆ ಬಂದವು. ಇಲಿಯಿದೆ ಎಂದರೆ ಆ ಮನೆಯ ಹೆಂಗಸು ಕೊಳಕಿ ಎಂದು ಅರ್ಥ.

ಹಾಗಾಗಿ ಐವತ್ತೊಂಬತ್ತರ ಮಾರ್ಚಿನಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಇಲಿ ಸಾಯದೆ ಮದ್ದಿನ ತಟ್ಟೆ ಮಾತ್ರ ಖಾಲಿಯಾಗುತ್ತ ಹೋದಾಗ ನಾನು ಯಾರಿಗೂ ಹೇಳಲಿಲ್ಲ. ಒಂದು ವಾರ ಇಟ್ಟೆ, ತಿಂದವು. ಎರಡು ವಾರ ಇಟ್ಟೆ, ತಿಂದವು. ಮೂರನೆಯ ವಾರ ಎರಡರಷ್ಟು ಇಟ್ಟೆ. ಅದನ್ನೂ ತಿಂದು, ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ತೊಲೆಯ ಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿದ್ದವು. ಅದರಲ್ಲಿ ಒಂದು ಹೆಣ್ಣು, ಬಲಗಿವಿ ಹರಿದದ್ದು. ನನ್ನನ್ನು ಕಂಡರೆ ಓಡುತ್ತಲೂ ಇರಲಿಲ್ಲ.

"ನೀನು ಇಲಿ ಕೊಲ್ತಿದ್ದೀಯೋ ಸಾಕ್ತಿದ್ದೀಯೋ?" ಎಂದು ಎಮ್ಲಿನ್ ಕೇಳಿದ. ಅವನಿಗೆ ತಮಾಷೆ.

ಅತ್ತೆಗೆ ತಮಾಷೆಯಾಗಿರಲಿಲ್ಲ. ಮಾರ್ಗೆಡ್ ಆನ್ ಪ್ರೈಸ್ ಎಂಬ ಅವರ ಹೆಸರಿಗೆ ಕಣಿವೆಯಲ್ಲಿ ಒಂದು ತೂಕವಿತ್ತು. ಮನೆಯ ದೊಡ್ಡ ಬೈಬಲ್ಲಿನ ಮೊದಲ ಹಾಳೆಯಲ್ಲಿ ಮನೆತನದ ಹುಟ್ಟು, ಸಾವು, ಮದುವೆಗಳನ್ನು ಬರೆಯುವವರು ಅವರು. ಅಂಥ ಅಕ್ಷರ ಶಾಲೆಯ ಮೇಷ್ಟರಿಗೂ ಇರಲಿಲ್ಲ. ಅವರು ಅಡಿಗೆಮನೆಯ ಬಾಗಿಲು ಹಾಕಿ ನನಗೆ ಹೇಳಿದರು: "ಬಾಯಿ ಮುಚ್ಕೊಂಡಿರು. ಇಲಿ ಹಿಡಿಯೋಳ ಮನೇಲೇ ಇಲಿ ಅಂದ್ರೆ ನಾನು ಸಲೇಮಲ್ಲಿ ಮುಖ ಎಲ್ಲಿ ಇಟ್ಕೊಳ್ಳಲಿ?"

ನಾನು ಬಾಯಿ ಮುಚ್ಚಿಕೊಂಡೆ. ಉಳಿದ ಮೂವತ್ತು ಫಾರಂಗಳಿಗೆ ಹೋದಾಗಲೂ ತಟ್ಟೆಗಳು ಖಾಲಿಯಿರುತ್ತಿದ್ದವು. ಹೇಗಿದೆ ಎಂದು ಕೇಳಿದರೆ ಹೆಂಗಸರು, ತಿಂದು ಸತ್ತವು, ನಿನ್ನ ಕೈಗುಣ ಚೆನ್ನಾಗಿದೆ ಡಿಲಿಸ್, ಎನ್ನುತ್ತಿದ್ದರು. ನೆಲ ಆಗಷ್ಟೇ ಗುಡಿಸಿದಂತಿರುತ್ತಿತ್ತು. ನಾನು ಅವರನ್ನು ನಂಬಿದೆ. ಆಗ ಉಳಿದದ್ದು ಒಂದೇ ಅರ್ಥ. ಎಲ್ಲರ ಮನೆಯಲ್ಲೂ ಸಾಯುವ ಇಲಿ ನನ್ನ ಮನೆಯಲ್ಲಿ ಮಾತ್ರ ಸಾಯುತ್ತಿಲ್ಲ. ನನ್ನಲ್ಲೇ ಏನೋ ಕೆಟ್ಟಿದೆ. ನಲವತ್ತೆರಡು ತುಂಬುತ್ತಿದ್ದ ವಯಸ್ಸು. ಬೆರಳ ಗಂಟುಗಳು ಬೆಳಿಗ್ಗೆ ಹೊತ್ತು ಬಿಗಿಯುತ್ತಿದ್ದವು, ಕಣ್ಣು ಸ್ವಲ್ಪ ಮಂಜಾಗಿತ್ತು. ಬೆರಕೆಯಲ್ಲಿ ತಪ್ಪುತ್ತಿದ್ದೇನೋ ಎಂದು ತಕ್ಕಡಿಯ ಮುಂದೆ ನಿಂತು ಒಂದೇ ಅಳತೆಯನ್ನು ಮೂರು ಸಲ ತೂಗುತ್ತಿದ್ದೆ. ಹೆಣ್ಣಿಗೆ ಕೆಲಸ ಕೊಟ್ಟಾಗ ಆಶ್ಚರ್ಯಪಟ್ಟವರಿಗೆ, ಅವಳು ಸೋತಾಗ ಆಶ್ಚರ್ಯವಾಗುವುದಿಲ್ಲ. ಅದು ನನಗೆ ಗೊತ್ತಿತ್ತು. ಹಾಗಾಗಿ ಸೋಲನ್ನು ಗೋಣಿಚೀಲದ ಹಾಗೆ ಮಡಿಸಿ ಒಳಗಿಟ್ಟುಕೊಂಡಿದ್ದೆ.

ಮುಂದಿನ ವರ್ಷ ಮೇ ತಿಂಗಳ ಮೊದಲ ವಾರ ಕಚೇರಿಯಿಂದ ಕಾಗದ ಬಂತು. ಧಾನ್ಯದ ವ್ಯಾಪಾರಿಯೊಬ್ಬ ನನ್ನ ಸುತ್ತಿನ ಎರಡು ಫಾರಂಗಳಿಂದ ಬಂದ ಚೀಲಗಳನ್ನು ಇಲಿ ಕಡಿದಿದೆ ಎಂದು ದೂರಿದ್ದನಂತೆ. ಮದ್ದನ್ನು ಸಾಕಷ್ಟು ಇಡುತ್ತಿಲ್ಲ, ಕ್ರಮವಾಗಿ ಇಡುತ್ತಿಲ್ಲ ಎಂದು ಕಾಣುತ್ತದೆ. ತಿಂಗಳ ಕೊನೆಗೆ ಈ ಸುತ್ತನ್ನು ಬೇರೊಬ್ಬರಿಗೆ ವಹಿಸುವ ಆಲೋಚನೆಯಿದೆ ಎಂದು ಬರೆದಿದ್ದರು. ಕೆಳಗೆ ಹೊಸ ಅಧಿಕಾರಿ ಆಶ್‌ವೆಲ್ ಅವರ ಸಹಿ.

ನಾನು ವ್ಯಾನು ಹತ್ತಿ ಗಡಿಯಾಚೆ ಇಂಗ್ಲಿಷರ ಸೀಮೆಯಲ್ಲಿದ್ದ ಆ ಕಚೇರಿಗೆ ಹೋದೆ. ಆಶ್‌ವೆಲ್ ಮೂವತ್ತರ ಆಸುಪಾಸಿನ ಇಂಗ್ಲಿಷರವನು. ಕೆಟ್ಟವನಲ್ಲ. ಎದ್ದು ನಿಂತು ಕುರ್ಚಿ ಕೊಟ್ಟ. ಮದ್ದು ಕೆಲಸ ಮಾಡುತ್ತಿಲ್ಲ ಎಂದು ನಾನು ಹೇಳಿದಾಗ ಪಾಪ ಎನ್ನುವ ಹಾಗೆ ನೋಡಿದ.

"ಮಿಸೆಸ್ ಪ್ರೈಸ್, ಈ ಮದ್ದು ಸೋಲಲ್ಲ. ಸೋತರೆ ಇಡೋ ಕೈ ಸೋಲುತ್ತೆ," ಎಂದ. ಆಮೇಲೆ ಮೆತ್ತಗೆ ಕೇಳಿದ, ಮೂವತ್ತೊಂದು ಫಾರಂಗಳಲ್ಲಿ ಒಬ್ಬರಾದರೂ ಇಲಿ ಸಾಯುತ್ತಿಲ್ಲ ಎಂದು ಬರೆದಿದ್ದಾರೆಯೇ ಎಂದು.

ಒಬ್ಬರೂ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ. ನನ್ನ ಕೊಟ್ಟಿಗೆಯನ್ನೇ ಬಂದು ನೋಡಿ ಎನ್ನಬೇಕೆಂದಿದ್ದೆ, ಅತ್ತೆಯ ಮುಖ ನೆನಪಾಗಿ ಆ ಮಾತನ್ನು ಒಳಗಿಟ್ಟುಕೊಂಡೆ. ಕೈ ಸೋಲುತ್ತದೆ ಎಂದನಲ್ಲ, ಆ ಕೈಯನ್ನು ಕೋಟಿನ ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಎದ್ದು ಬಂದೆ.

ಅದರ ಮುಂದಿನ ಬುಧವಾರ ಸಲೇಮ್‌ನಲ್ಲಿ ಚಹಾದ ಕಪ್ಪು ತೊಳೆಯುವ ದಿನ. ಜೂನಿನ ಹಬ್ಬದ ಚಹಾಕೂಟಕ್ಕೆ ಮೊದಲು ಹೆಂಗಸರು ಸೇರಿ ಚಾಪೆಲ್ ಹಿಂದಿನ ಕೋಣೆಯ ಕಪಾಟಿನಿಂದ ಇನ್ನೂರು ಕಪ್ಪು-ಬಸಿಗಳನ್ನು ಇಳಿಸಿ, ತೊಳೆದು, ಒರೆಸಿ, ಮತ್ತೆ ಜೋಡಿಸುವುದು ಪದ್ಧತಿ. ಹದಿನೈದು ಜನರಿದ್ದೆವು. ಮುಂದೆ ನಿಂತು ನಡೆಸುವವಳು ಪಕ್ಕದ ಫಾರಂನ ಗ್ಲಾಡಿಸ್ ಬೆವನ್. ಅವಳ ಏಪ್ರನ್ನಿನ ಮಡಿಕೆ ನೋಡಿದರೇ ಅವಳ ಮನೆಯ ಕಪಾಟುಗಳು ಹೇಗಿರುತ್ತವೆ ಎಂದು ಹೇಳಬಹುದು. ಅತ್ತೆ ಒರೆಸುವ ಬಟ್ಟೆ ಹಿಡಿದು ಮೇಜಿನ ತುದಿಯಲ್ಲಿ ಕೂತಿದ್ದರು. ಹೊಸ ಪಾದ್ರಿಯ ಹೆಂಡತಿ ಲಿಲ್ವೆನ್ ಮೊದಲ ಸಲ ಬಂದಿದ್ದಳು. ದಕ್ಷಿಣದ ಗಣಿ ಪಟ್ಟಣದ ಹುಡುಗಿ, ಹಳ್ಳಿ ಕಂಡವಳಲ್ಲ.

ಗ್ಲಾಡಿಸ್ ಮೇಲಿನ ಅರೆಯಿಂದ ಕಪ್ಪುಗಳ ಸಾಲನ್ನು ತೆಗೆದು ಮೇಜಿನ ಮೇಲಿಟ್ಟಳು. ಮೊದಲ ಕಪ್ಪಿನೊಳಗೆ, ಬಿಳಿಯ ಪಿಂಗಾಣಿಯ ನಡುವೆ, ಅಕ್ಕಿಕಾಳಿಗಿಂತ ದಪ್ಪದ ಎರಡು ನೀಲಿ ಚೂರುಗಳಿದ್ದವು.

ಆ ಕೋಣೆಯಲ್ಲಿ ನಾನು ಎಂದೂ ಮದ್ದು ಇಟ್ಟವಳಲ್ಲ. ಯಾರದೋ ಕಣಜದಲ್ಲಿ ಉಂಡ ಇಲಿ ಇಲ್ಲಿ ಬಂದು ಆರಾಮವಾಗಿ ಕೂತು ಹೋಗಿತ್ತು. ನಾನು ತಲೆಯೆತ್ತಿ ಎಲ್ಲರ ಮುಖ ನೋಡಿದೆ. ಗ್ಲಾಡಿಸ್‌ಳ ಕೈ ಎಷ್ಟು ಬೇಗ ಬಂತೆಂದರೆ, ಕಣ್ಣು ಮಿಟುಕಿಸುವುದರೊಳಗೆ ಏಪ್ರನ್ನಿನ ತುದಿಯಿಂದ ಆ ಕಪ್ಪನ್ನು ಒರೆಸಿ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಎರಡನೆಯ ಕಪ್ಪಿನಲ್ಲಿ ಇನ್ನೊಂದು. ಅದರ ಮೇಲೆ ಇನ್ನೊಬ್ಬಳ ಬಟ್ಟೆ ಬಿತ್ತು. ಮೂರನೆಯದರ ಮೇಲೆ ಮತ್ತೊಬ್ಬಳ ಅಂಗೈ. ಯಾರೂ ಯಾರನ್ನೂ ನೋಡಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಕೇಳಿದ್ದು ಲಿಲ್ವೆನ್ ಒಬ್ಬಳೇ. "ಇದೇನು ಅಕ್ಕಾ, ಮಣಿಸರ ಹರಿದಿದೆಯಾ?" ಎಂದು ನೀಲಿ ಚೂರೊಂದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದಳು.

ಆಗ ನನಗೆ ಹೊಳೆಯಿತು. ತನ್ನ ಮನೆಯಲ್ಲಿ ಅದನ್ನು ನೋಡದವಳು ಹಾಗೆಯೇ ಕೇಳಬೇಕು. ಇಲಿಯಿಲ್ಲದ ಮನೆಯ ಹೆಂಗಸರು ಎಂದು ನಾನು ನಂಬಿದ್ದ ಹನ್ನೆರಡು ಜನರಲ್ಲಿ ಒಬ್ಬಳೂ ಕೇಳಲಿಲ್ಲ. ಎಲ್ಲರ ಕೈಗೂ ಅಭ್ಯಾಸವಿತ್ತು. ನಾನು ಬರುವ ದಿನ ನೆಲ ಗುಡಿಸಿರುತ್ತಿತ್ತಲ್ಲ, ಅದು ಯಾಕೆಂದು ಗೊತ್ತಾಯಿತು. ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣ ಅವರ ಜಾಗದಲ್ಲಿ ನನ್ನನ್ನೇ ಕಂಡೆ. ನಾವೆಲ್ಲ ಒಂದೇ ಗುಟ್ಟನ್ನು ಬೇರೆ ಬೇರೆ ಮನೆಗಳಲ್ಲಿ, ತನ್ನೊಬ್ಬಳದೇ ಎಂದುಕೊಂಡು, ಗುಡಿಸಿ ಬಿಸಾಡುತ್ತಿದ್ದೆವು. ಅಷ್ಟರಲ್ಲಿ ಇಲಿಗಳು ಕಣಿವೆಯುದ್ದಕ್ಕೂ ಹಬ್ಬಿದ್ದವು.

ಈ ಸಲ ಮಾತನ್ನು ಒಳಗಿಟ್ಟುಕೊಳ್ಳಲಿಲ್ಲ.

"ಅದು ಇಲಿ ಹಿಕ್ಕೆ, ಲಿಲ್ವೆನ್," ಎಂದೆ. "ನನ್ನ ಮದ್ದು ತಿಂದ ಇಲೀದು. ನಮ್ಮ ಕೊಟ್ಟಿಗೇಲೂ ಇವೆ. ಹದಿನಾಲ್ಕು ತಿಂಗಳಿಂದ ನಾನು ಇಟ್ಟಿದ್ದು ತಿಂದ್ಕೊಂಡು ದಪ್ಪ ಆಗ್ತಿವೆ, ಸಾಯ್ತಿಲ್ಲ. ಇಲಿ ಡಿಲಿಸ್ ಮನೇಲೇ ಇಲಿ ಇದೆ. ಇದನ್ನ ಮುಚ್ಚಿಟ್ಟು ತಿಂಗಳ ಕೊನೆಗೆ ನನ್ನ ಕೆಲಸ ಹೋಗ್ತಿದೆ."

ಅತ್ತೆಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಬಟ್ಟೆ ಕಪ್ಪಿನೊಳಗೆ ತಿರುಗುವ ಸದ್ದು ನಿಂತಿತ್ತು. ಆಮೇಲೆ ಆ ಕಪ್ಪನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು.

"ಕೊಟ್ಟಿಗೇಲಿ ಮಾತ್ರ ಅಲ್ಲ," ಎಂದರು ಅತ್ತೆ. "ಹಾಲಿನ ಕೋಣೇಲೂ ಇವೆ. ಹೇಳೋದಾದ್ರೆ ಪೂರ್ತಿ ಹೇಳು."

ಗ್ಲಾಡಿಸ್ ಮುಷ್ಟಿ ಬಿಚ್ಚಿದಳು. ಏಪ್ರನ್ನಿನ ತುದಿಯಲ್ಲಿ ನೀಲಿ ಕಲೆಯಾಗಿತ್ತು. "ನಿಮ್ಮದು ಹದಿನಾಲ್ಕು ತಿಂಗಳಾ?" ಎಂದಳು, ಬೇರೆಲ್ಲೋ ನೋಡುತ್ತ. "ನಮ್ಮಲ್ಲಿ ಎರಡು ವರ್ಷ ಆಯ್ತು."

ಅದಾದ ಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಒಬ್ಬಳ ಮನೆಯಲ್ಲಿ ಇಲಿಗಳು ಮದ್ದಿನ ತಟ್ಟೆಗೆ ಮರಿಗಳನ್ನು ಕರೆದುಕೊಂಡು ಬರುತ್ತಿದ್ದವಂತೆ. ಇನ್ನೊಬ್ಬಳು ತಟ್ಟೆ ಇಡಲು ತಡವಾದರೆ ಅವು ಬಾಗಿಲು ಕೆರೆಯುತ್ತವೆ ಎಂದಳು. ಅರ್ಧ ಗಂಟೆಯ ಹಿಂದೆ ಯಾರ ಮನೆಯಲ್ಲೂ ಇಲಿಯಿರಲಿಲ್ಲ. ಈಗ ಯಾರ ಮನೆಯ ಇಲಿ ಹೆಚ್ಚು ಗಟ್ಟಿ ಎಂಬ ಪಂದ್ಯ ನಡೆಯುತ್ತಿತ್ತು. ನಾನು ಫಾರಂಗಳ ಹೆಸರು ಬರೆದುಕೊಂಡೆ. ಕಪ್ಪು ತೊಳೆದು ಮುಗಿಯುವಷ್ಟರಲ್ಲಿ ಹನ್ನೊಂದು ಫಾರಂಗಳಾಗಿದ್ದವು, ಹೊಳೆಯ ಎರಡೂ ದಡದಲ್ಲಿ, ಒಂದಕ್ಕೊಂದು ತಾಗಿದಂತೆ. ಮನೆಗೆ ಹೋಗುವ ದಾರಿಯ ಏರಿನಲ್ಲಿ ಅತ್ತೆ, ಎಂದೂ ಇಲ್ಲದ್ದು, ನನ್ನ ತೋಳು ಹಿಡಿದುಕೊಂಡು ನಡೆದರು.

ಮರುದಿನ ಊರ ಮುಂದಿನ ಕೆಂಪು ಫೋನ್ ಪೆಟ್ಟಿಗೆಯಿಂದ ಆಶ್‌ವೆಲ್‌ಗೆ ಫೋನ್ ಮಾಡಿದೆ. ನನ್ನ ಮದ್ದು ಬೇಡ, ನಿಮ್ಮ ಕಚೇರಿಯ ಹೊಸ ಡಬ್ಬಿ ನೀವೇ ತನ್ನಿ, ನೀವೇ ಬೆರೆಸಿ, ನೀವೇ ತೂಗಿಕೊಡಿ, ನಮ್ಮ ಕೊಟ್ಟಿಗೆಯ ಇಲಿಗಳಿಗೆ ಆರು ದಿನ ಅದು ಬಿಟ್ಟು ಬೇರೇನೂ ಕೊಡುವುದಿಲ್ಲ ಎಂದೆ. ಮುಂದಿನ ವಾರ ಶುಕ್ರವಾರ ಬರುತ್ತೇನೆ ಎಂದ.

ಮೊಲ ಹಿಡಿಸಲು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳನ್ನು ಎಮ್ಲಿನ್ ಸಾಕಿದ್ದ ಪೆಟ್ಟಿಗೆಗಳು, ಮೊಲಗಳೆಲ್ಲ ರೋಗ ಬಂದು ಸತ್ತ ಮೇಲೆ, ಖಾಲಿ ಬಿದ್ದಿದ್ದವು. ಅವಕ್ಕೆ ಒಳಗೆಲ್ಲ ತಂತಿಬಲೆ ಹೊಡೆದ. ಹಳೆಯ ಬೋನುಗಳಿಂದ ಎಂಟು ಇಲಿಗಳನ್ನು ಜೀವಂತ ಹಿಡಿದೆ. ಕಿವಿ ಹರಿದದ್ದೂ ಸಿಕ್ಕಿತು. ಆಶ್‌ವೆಲ್ ಬಂದು ಪೆಟ್ಟಿಗೆಯ ಹುಲ್ಲನ್ನೆಲ್ಲ ಜಾಲಾಡಿ ನೋಡಿದ. ಹಸಿರು ಸೊಪ್ಪು ತಿಂದರೆ ಮದ್ದಿನ ಬಲ ಕುಗ್ಗುತ್ತದೆ, ಅದಕ್ಕೆ. ಒಂದೇ ಒಂದು ಹಸಿರು ಎಸಳಿರಲಿಲ್ಲ. ತನ್ನ ಡಬ್ಬಿಯ ಮುದ್ರೆ ಒಡೆದು, ತಾನೇ ತೂಗಿ, ಆರು ದಿನದ ಪಾಲನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಅರಗು ಹಾಕಿದ. ಪೆಟ್ಟಿಗೆಗಳನ್ನಿಟ್ಟ ಕೋಣೆಯ ಬೀಗದಕೈ ಯಾರ ಹತ್ತಿರ ಇರಬೇಕು ಎಂದು ಕೇಳಿದಾಗ ಅತ್ತೆ ಕೈ ಚಾಚಿದರು. ಅವರ ಮುಖ ನೋಡಿ ಅವನು ಕೊಟ್ಟ.

ದಿನವೂ ಬೆಳಿಗ್ಗೆ ಹಾಲು ಕರೆದಾದ ಮೇಲೆ ಅತ್ತೆ ಬೀಗ ತೆಗೆಯುತ್ತಿದ್ದರು, ನಾನು ಪೊಟ್ಟಣ ಒಡೆದು ಹಾಕುತ್ತಿದ್ದೆ. ಭಾನುವಾರ ಬಂದಾಗ ತೊಡಕಾಯಿತು. ಅದು ದೇವರ ದಿನ, ನಮ್ಮ ಮನೆಯಲ್ಲಿ ಹಾಲು ಕರೆದು ದನಕ್ಕೆ ಮೇವು ಹಾಕುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ, ಆಲೂಗಡ್ಡೆ ಕೂಡ ಶನಿವಾರವೇ ಸುಲಿದಿಡುತ್ತೇವೆ. ವಿಷ ಇಡುವುದು ಕೆಲಸವೋ ಅಲ್ಲವೋ? ಎಮ್ಲಿನ್ ತಾಯಿಯನ್ನು ಕೆಣಕಲೆಂದೇ ಕೇಳಿದ. ಅತ್ತೆ ಟೋಪಿಯ ಪಿನ್ನು ಚುಚ್ಚಿಕೊಳ್ಳುತ್ತ ಸ್ವಲ್ಪ ಯೋಚಿಸಿದರು. "ಸತ್ರೆ ತಾನೇ ಅದು ಕೊಲ್ಲೋದು," ಎಂದರು. "ಇವು ಸಾಯೋದಿಲ್ಲ. ಹಾಗಾಗಿ ಇದು ಮೇವು ಹಾಕೋದು. ಬಾರೇ ಡಿಲಿಸ್."

ನನಗೆ ಆ ಧೈರ್ಯವಿರಲಿಲ್ಲ. ಪೆಟ್ಟಿಗೆಗಳ ಮುಂದೆ ಮೊಣಕಾಲೂರಿ ಕೂತು ಒಂದೊಂದನ್ನೂ ನೋಡುತ್ತಿದ್ದೆ. ಕೂದಲು ಸೆಟೆದಿದೆಯೇ, ಕಾಲು ಬಿಳಿಚಿದೆಯೇ, ಮೂಗಿನಲ್ಲಿ ಕೆಂಪು ಇದೆಯೇ. ಹದಿನೆಂಟು ವರ್ಷ ಇಲಿ ಸಾಯಲಿ ಎಂದು ಕಾದವಳು ಈಗ ಬದುಕಲಿ ಎಂದು ಕಾಯುತ್ತಿದ್ದೆ. ಕಿವಿ ಹರಿದದ್ದು ನೀಲಿ ಬಾಯಿ ಎತ್ತಿ ನನ್ನನ್ನೇ ನೋಡುತ್ತಿತ್ತು. ಅದನ್ನು ನಾನು ಪ್ರೀತಿಸಲಿಲ್ಲ. ಆದರೆ ಎಷ್ಟೋ ಮನುಷ್ಯರಿಗಿಂತ ಅದಕ್ಕೆ ನನ್ನ ಕೈಯ ಬಗ್ಗೆ ಹೆಚ್ಚು ಗೊತ್ತಿತ್ತು. ನಾನು ಒಂದು ದಿನವೂ ತಪ್ಪಿಸದೆ, ಒಂದು ಚಿಟಿಕೆಯೂ ಕಡಿಮೆ ಮಾಡದೆ ಇಟ್ಟದ್ದನ್ನು ಕಂಡದ್ದು ಅದೊಂದೇ.

ಐದನೆಯ ಬೆಳಿಗ್ಗೆ ಮೂಲೆಯ ಪೆಟ್ಟಿಗೆಯಲ್ಲಿ ಒಂದು ಸತ್ತು ಬಿದ್ದಿತ್ತು. ಒಂದು ಹೋದರೆ ಉಳಿದವೂ ಹಿಂದೆಯೇ ಹೋಗುತ್ತವೆ ಎಂದುಕೊಂಡೆ. ಕೈಯೇ ಸೋತದ್ದು, ಆಶ್‌ವೆಲ್ ಹೇಳಿದ್ದೇ ಸರಿ. ಅತ್ತೆ ಬಗ್ಗಿ ನೋಡಿ ಸೊಂಟಕ್ಕೆ ಕೈಯಿಟ್ಟರು. "ಅದು ನಮ್ಮದಲ್ಲ ಬಿಡು," ಎಂದರು. "ಬೆವನ್ ಮನೆಯಿಂದ ಉಣ್ಣೋಕೆ ಬಂದಿದ್ದಿರಬೇಕು."

ಏಳನೆಯ ದಿನ ಆಶ್‌ವೆಲ್ ಬಂದ. ಅಂಗಳದಲ್ಲಿ ಅವನಿಗಿಂತ ಮೊದಲೇ ಗ್ಲಾಡಿಸ್ ಮತ್ತು ಇನ್ನೂ ಐದಾರು ಹೆಂಗಸರು, ಕೋಳಿಮೊಟ್ಟೆ ಕೊಡುವ ನೆಪ ಮಾಡಿಕೊಂಡು, ನಿಂತಿದ್ದರು. ಅತ್ತೆ ಬೀಗ ತೆಗೆದರು. ಏಳು ಇಲಿಗಳು ಏಳು ಮೂಲೆಗೆ ನೆಗೆದವು. ಅವನು ಪೊಟ್ಟಣದ ಅರಗುಗಳನ್ನು ಎಣಿಸಿದ, ತಟ್ಟೆಯಲ್ಲಿ ಉಳಿದ ನುಚ್ಚನ್ನು ತೂಗಿದ. ಆಮೇಲೆ ಸತ್ತದ್ದನ್ನು ಹಲಗೆಯ ಮೇಲಿಟ್ಟು ಕೊಯ್ದ. ಹೊಟ್ಟೆಯ ತುಂಬ ಹೆಪ್ಪುಗಟ್ಟದ ರಕ್ತ.

ಅವನು ಯೋಚಿಸುತ್ತಿದ್ದುದು ನನಗೆ ಅರ್ಥವಾಯಿತು. ಮದ್ದು ಹಳಸಿದ್ದಲ್ಲ, ತೂಕ ತಪ್ಪಿಲ್ಲ. ಸಾಯುವ ಇಲಿಯನ್ನು ಅದು ಸರಿಯಾಗಿಯೇ ಕೊಂದಿದೆ. ಅದೇ ಡಬ್ಬಿಯದನ್ನು ಅಷ್ಟೇ ತಿಂದು ಉಳಿದ ಏಳು ಬದುಕಿವೆ. ನಾನು ಹೆದರಿದ್ದ ಆ ಒಂದು ಸಾವೇ ನನ್ನ ಪರವಾಗಿ ಸಾಕ್ಷಿ ಹೇಳಿತ್ತು.

ಅವನು ಕೈ ತೊಳೆದುಕೊಂಡು ನನ್ನೆದುರು ಬಂದು ನಿಂತ. ಕಿವಿ ಕೆಂಪಾಗಿತ್ತು. "ನಾನು ಬರೆದದ್ದು ತಪ್ಪು, ಮಿಸೆಸ್ ಪ್ರೈಸ್. ಕೈ ಸೋತಿಲ್ಲ," ಎಂದ. ಅಂಗಳದಲ್ಲಿದ್ದವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. ಅದಕ್ಕಾಗಿ ನಾನು ಅವನನ್ನು ಇಂದಿಗೂ ಗೌರವಿಸುತ್ತೇನೆ. ಸುತ್ತು ನನ್ನದೇ ಎಂದ. ಹನ್ನೊಂದು ಫಾರಂಗಳಲ್ಲಿ ಈ ಮದ್ದನ್ನು ಇಂದೇ ನಿಲ್ಲಿಸಬೇಕು, ಈ ಇಲಿಗಳು ಎಲ್ಲಿಯವರೆಗೆ ಹಬ್ಬಿವೆ ಎಂದು ಪತ್ತೆ ಮಾಡಬೇಕು, ಅದನ್ನು ಬಲ್ಲವರು ನೀವಲ್ಲದೆ ಬೇರೆ ಯಾರೂ ಇಲ್ಲ ಎಂದ. ಆಗಲೇ ನನ್ನ ತಲೆಯಲ್ಲಿ ಹಳೆಯ ಬೋನುಗಳ ಲೆಕ್ಕ, ನಾಯಿಗಳ ಲೆಕ್ಕ, ಹೊಗೆ ಹಾಕಬೇಕಾದ ಬಿಲಗಳ ಲೆಕ್ಕ ಓಡತೊಡಗಿತ್ತು. ವಾರ್ಫರಿನ್ ಬರುವ ಮೊದಲೂ ನಾನು ಇಲಿ ಹಿಡಿದವಳೇ.

ಏಳು ಇಲಿಗಳು ಲಂಡನ್ ಕಡೆಯ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಎಮ್ಲಿನ್ ಪೆಟ್ಟಿಗೆಗಳನ್ನು ಹಗ್ಗ ಹಾಕಿ ಬಿಗಿದ. ಆಶ್‌ವೆಲ್ ಜೇಬಿನಿಂದ ಒಂದು ರಟ್ಟಿನ ಚೀಟಿ ತೆಗೆದು, ಅಲ್ಲಿ ಇವುಗಳ ಸಂತಾನವನ್ನು ವರ್ಷಗಟ್ಟಲೆ ಸಾಕಬಹುದು, ಪುಸ್ತಕಗಳಲ್ಲೂ ಬರೆಯಬಹುದು, ಹಾಗಾಗಿ ಫಾರಂನ ಹೆಸರು ಹಾಕದೆ ಬರೀ ಒಂದು ಅಂಕಿ ಹಾಕುತ್ತೇನೆ, ನಿಮ್ಮ ಮರ್ಯಾದೆಯ ಪ್ರಶ್ನೆ ನೋಡಿ, ಎಂದ.

ಅತ್ತೆ ಅವನ ಕೈಯಿಂದ ಚೀಟಿ ತೆಗೆದುಕೊಂಡರು. ಪೆನ್ನನ್ನೂ ತೆಗೆದುಕೊಂಡರು. ಪೆಟ್ಟಿಗೆಯ ಮೇಲೆ ಏಪ್ರನ್ನು ಹಾಸಿ, ಅದರ ಮೇಲೆ ಚೀಟಿಯಿಟ್ಟು, ಬೈಬಲ್ಲಿನಲ್ಲಿ ಮನೆಯ ಮಕ್ಕಳ ಹುಟ್ಟನ್ನು ಬರೆಯುವ ಅದೇ ನಿಧಾನದ ದುಂಡು ಅಕ್ಷರದಲ್ಲಿ 'ಬ್ರಿನ್ ಹೆಲಿಗ್' ಎಂದು ಬರೆದರು. ಒಳಗೆ ಕಿವಿ ಹರಿದದ್ದು ತಂತಿ ಕಡಿಯುತ್ತಿತ್ತು. ಅತ್ತೆ ಶಾಯಿ ಒಣಗಲೆಂದು ಊದಿ, ಮತ್ತೆ ಬಗ್ಗಿ, ಅದರ ಕೆಳಗೆ ಇನ್ನೊಂದು ಸಾಲು ಬರೆದರು. ನಾನು ಅವರ ಹೆಗಲ ಮೇಲಿಂದ ಓದಿದೆ.

'ಹಿಡಿದವಳು: ನನ್ನ ಸೊಸೆ, ಇಲಿ ಡಿಲಿಸ್.'